ಊರಿನ ಜಾಗ ಮಾರಬೇಡಿ, ಬಾಡಿಗೆಗೆ ಕೊಡಿ ಎಂದ ಸ್ಕ್ರೂ ಸಾಹುಕಾರ

ನಗರಸಭೆಯ ಜಾಗ ಹರಾಜಿಗಿದೆ ಎಂಬ ನೋಟೀಸು ಮುಖಪುಟದಲ್ಲಿ ಬಂದದ್ದನ್ನು ಯಾರಾದರೂ ನೋಡಿದ್ದೀರಾ? ಅದು ಬರೋದು ಒಳಪುಟದ ಮೂಲೆಯಲ್ಲಿ, ಕಳೆದುಹೋದ ಮಾರ್ಕ್ಸ್ ಕಾರ್ಡಿನ ಜಾಹೀರಾತಿನ ಪಕ್ಕದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಸರ್ವೆ ನಂಬರು, ಚೆಕ್ಕುಬಂದಿ, ಇಷ್ಟು ಚದರಡಿ, ಇಂಥ ದಿನ ಹರಾಜು, ಇಷ್ಟು ಠೇವಣಿ. ಓದಬೇಕಾದವರು ಓದಿಕೊಂಡಿರುತ್ತಾರೆ. ಉಳಿದ ನಮಗೆಲ್ಲ ಗೊತ್ತಾಗೋದು ಅಲ್ಲಿ ತಗಡಿನ ಬೇಲಿ ಎದ್ದು ನಿಂತ ಮೇಲೆ.

ಮಾರುವವರ ಹತ್ತಿರ ಕಾರಣ ಇದ್ದೇ ಇರುತ್ತೆ. ಜಾಗ ಸುಮ್ಮನೆ ಬಿದ್ದಿದೆ, ಖಜಾನೆ ಬರಿದಾಗಿದೆ, ಸಂಬಳಕ್ಕೆ ದುಡ್ಡಿಲ್ಲ. ಬೇಡ ಅನ್ನುವವರ ಹತ್ತಿರವೂ ಕಾರಣ ಇರುತ್ತೆ. ದುಡ್ಡು ಇವತ್ತು ಬರುತ್ತೆ, ನಾಳೆ ಖರ್ಚಾಗುತ್ತೆ. ಕೈಬಿಟ್ಟ ನೆಲ ಮಾತ್ರ ಮತ್ತೆ ಬರೋದಿಲ್ಲ.

ಈ ಜಗಳ ನಮ್ಮ ಊರುಗಳದ್ದು ಮಾತ್ರ ಅಂದುಕೊಳ್ಳಬೇಡಿ. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದೇ ಜಗಳ ನಡೆದಿತ್ತು. ಎಜ್‌ಬ್ಯಾಸ್ಟನ್ ಟೆಸ್ಟ್ ಮ್ಯಾಚಿನ ಕಾಮೆಂಟರಿ ಕೇಳಿದವರಿಗೆ ಆ ಊರಿನ ಹೆಸರು ಗೊತ್ತು. ಆಗ ಅಲ್ಲಿ ಮೇಯರ್ ಆಗಿದ್ದವರು ಜೋಸೆಫ್ ಚೇಂಬರ್ಲೇನ್. ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡು ಹೆಸರು ಕೆಡಿಸಿಕೊಂಡ ಪ್ರಧಾನಿ ನೆವಿಲ್ ಚೇಂಬರ್ಲೇನ್ ಇದ್ದರಲ್ಲ, ಅವರ ತಂದೆ. ಮಗನ ಕತೆ ಶಾಲೆಯ ಪುಸ್ತಕದಲ್ಲಿದೆ. ಅಪ್ಪನ ಕತೆ ಇವತ್ತು ಈ ಕಾಲಂನಲ್ಲಿ.

ಜೋಡು ವ್ಯಾಪಾರಿಯ ಮಗ

ಚೇಂಬರ್ಲೇನ್ ಹುಟ್ಟಿದ್ದು 1836ರ ಜುಲೈ 8ರಂದು, ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ. ತಂದೆಯದು ಪಾದರಕ್ಷೆ ತಯಾರಿಸಿ ಮಾರುವ ಕಸುಬು. ಮನೆತನದ ಮತ ಯೂನಿಟೇರಿಯನ್. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಪಂಗಡ ಅದು. ಆ ಕಾಲದಲ್ಲಿ ಅಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಬಾಗಿಲು ಸಲೀಸಾಗಿ ತೆರೆಯುತ್ತಿರಲಿಲ್ಲ. ಹುಡುಗ ಓದಿನಲ್ಲಿ ಚುರುಕಾಗಿದ್ದರೂ 16ನೇ ವಯಸ್ಸಿಗೆ ಶಾಲೆ ಬಿಡಿಸಿ ಅಪ್ಪನ ವ್ಯಾಪಾರಕ್ಕೆ ಹಾಕಿದರು. ಕಾಲೇಜು ಮೆಟ್ಟಿಲು ಹತ್ತದ ಈ ಮನುಷ್ಯ ಮುಂದೆ ಒಂದು ವಿಶ್ವವಿದ್ಯಾನಿಲಯವನ್ನೇ ಕಟ್ಟಿಸಿದರು. ಅದು ಕೊನೆಗೆ ಬರುತ್ತೆ.

ತಂದೆಯ ಕಡೆಯ ನೆಂಟರು ನೆಟಲ್‌ಫೋಲ್ಡ್ ಮನೆತನದವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಕ್ರೂ ಕಾರ್ಖಾನೆ ಇಟ್ಟಿದ್ದರು. ಅಲ್ಲಿಯತನಕ ಮರದ ಸ್ಕ್ರೂಗಳಿಗೆ ಮೊನೆ ಇರುತ್ತಿರಲಿಲ್ಲ, ತುದಿ ಮೊಂಡು. ಮೊದಲು ತೂತು ಕೊರೆದು ಆಮೇಲೆ ತಿರುಗಿಸಬೇಕು. ಅಮೆರಿಕದಲ್ಲಿ ಮೊನೆಯುಳ್ಳ ಸ್ಕ್ರೂ ತಯಾರಿಸುವ ಯಂತ್ರ ಬಂದಿತ್ತು. ಅದರ ಹಕ್ಕು ಖರೀದಿಗೆ, ಹೊಸ ಕಾರ್ಖಾನೆಗೆ ದೊಡ್ಡ ಬಂಡವಾಳ ಬೇಕಾಗಿತ್ತು. ಚೇಂಬರ್ಲೇನ್ ಅವರ ತಂದೆ 10,000 ಪೌಂಡ್ ಹಾಕಿದರು. ಹಾಕಿದ ದುಡ್ಡು ನೋಡಿಕೊಳ್ಳಲು 1854ರಲ್ಲಿ 18 ವರ್ಷದ ಮಗನನ್ನು ಕಳಿಸಿದರು. ನಮ್ಮಲ್ಲೂ ಹೀಗೇ ತಾನೆ? ಪಾಲುದಾರಿಕೆ ಮಾಡಿದರೆ ಮನೆಯ ಹುಡುಗ ಒಬ್ಬ ಗಲ್ಲಾ ಹತ್ತಿರ ಇರಲೇಬೇಕು.

ಹುಡುಗ ಗಲ್ಲಾ ಕಾಯಲಿಲ್ಲ, ವ್ಯಾಪಾರವನ್ನೇ ಹಿಡಿದು ಎತ್ತಿದ. ಸರಕನ್ನು ಸಾಗಿಸುವುದು ಹೇಗೆ, ಯಾವ ದೇಶಕ್ಕೆ ಯಾವ ಅಳತೆ, ಯಾರಿಗೆ ಎಷ್ಟು ಮುರಿ, ಎಲ್ಲ ಲೆಕ್ಕ ಅವನದೇ. ಎದುರಾಳಿ ಕಂಪನಿಗಳನ್ನು ಒಂದೊಂದಾಗಿ ಖರೀದಿ ಮಾಡಿದರು, ಇಲ್ಲವೇ ಮೂಲೆಗೆ ತಳ್ಳಿದರು. ಇಂಗ್ಲೆಂಡಿನಲ್ಲಿ ತಯಾರಾಗುವ ಸ್ಕ್ರೂಗಳಲ್ಲಿ ಮೂರನೇ ಎರಡು ಪಾಲು ಇವರ ಕೈಗೆ ಬಂತು. ಚಿಕ್ಕ ಕಾರ್ಖಾನೆಯವರು ಇವರನ್ನು ಕರುಣೆಯಿಲ್ಲದವರು ಅಂತ ಬೈದರು. ಬೈಗುಳದಲ್ಲಿ ಸುಳ್ಳಿರಲಿಲ್ಲ. 1874ರಲ್ಲಿ ವ್ಯಾಪಾರ ಬಿಟ್ಟು ಹೊರಬಂದಾಗ ಅವರ ಪಾಲಿಗೆ ಬಂದದ್ದು ಸುಮಾರು 1,20,000 ಪೌಂಡ್. ವಯಸ್ಸು 38.

ಎರಡು ಸಾವು

ಸಾಹುಕಾರಿಕೆ ಬಂತು, ಮನೆಯ ಸುಖ ಬರಲಿಲ್ಲ. 1861ರಲ್ಲಿ ಹ್ಯಾರಿಯೆಟ್ ಕೆನ್ರಿಕ್ ಎಂಬುವರನ್ನು ಮದುವೆಯಾದರು. ಎರಡೇ ವರ್ಷದಲ್ಲಿ, 1863ರಲ್ಲಿ, ಎರಡನೇ ಹೆರಿಗೆಯಲ್ಲಿ ಆಕೆ ತೀರಿಕೊಂಡರು. ಐದು ವರ್ಷ ಒಂಟಿಯಾಗಿದ್ದು 1868ರಲ್ಲಿ ಆಕೆಯ ಸಂಬಂಧಿಯೇ ಆದ ಫ್ಲಾರೆನ್ಸ್ ಅವರ ಕೈ ಹಿಡಿದರು. ಅವರೂ 1875ರಲ್ಲಿ ಹೆರಿಗೆಯಲ್ಲೇ ಹೋದರು. ಮನೆಯಲ್ಲಿ ತಾಯಿಯಿಲ್ಲದ ಆರು ಮಕ್ಕಳು. ಆಗ ಚೇಂಬರ್ಲೇನ್ ಊರಿನ ಮೇಯರ್ ಆಗಿದ್ದರು. ಎರಡನೇ ಸಾವಿನ ನಂತರ ಹಿಂದಿನಿಂದ ಬಂದಿದ್ದ ದೇವರ ನಂಬಿಕೆಯೂ ಅವರಲ್ಲಿ ಉಳಿಯಲಿಲ್ಲ. ಉಳಿದದ್ದು ಕೆಲಸ ಒಂದೇ. ಊರಿನ ಚರಿತ್ರೆಯಲ್ಲಿ ದೊಡ್ಡದು ಎನ್ನುವ ಕೆಲಸಗಳು ನಡೆದದ್ದು ಆ ವರ್ಷದಲ್ಲೇ.

ಹೆಂಡದಂಗಡಿಯ ಪುರಪಿತೃಗಳು

ಅದಕ್ಕೆ ಮೊದಲು ಆ ಊರಿನ ಪುರಪಿತೃಗಳು ಹೇಗಿದ್ದರು ಅಂತ ಸ್ವಲ್ಪ ಹೇಳಬೇಕು. 1850ರ ದಶಕದಲ್ಲಿ ಕೌನ್ಸಿಲ್ಲಿನ ಮುಖಂಡರು ಸೇರುತ್ತಿದ್ದದ್ದು ವುಡ್‌ಮನ್ ಎಂಬ ಹೆಂಡದಂಗಡಿಯಲ್ಲಿ. ಬಹುಪಾಲು ಸಣ್ಣ ವ್ಯಾಪಾರಿಗಳು. ಅವರ ಧ್ಯೇಯ ಒಂದೇ, ಕಂದಾಯ ಏರಿಸಬಾರದು. ರಸ್ತೆ ಹಾಳಾದರೂ ಸರಿ, ಚರಂಡಿ ಕಟ್ಟಿದರೂ ಸರಿ, ಖರ್ಚು ಮಾತ್ರ ಬೇಡ. ಅವರನ್ನು ನಾವು ಸುಮ್ಮನೆ ಬೈಯುವಂತಿಲ್ಲ. ಕಂದಾಯ ಕಟ್ಟುವವನಿಗೆ ಅದರ ಬಿಸಿ ಗೊತ್ತು. ಆದರೆ ಬಿಸಿಗೆ ಹೆದರಿ ಒಲೆಯನ್ನೇ ಹಚ್ಚದಿದ್ದರೆ ಅನ್ನ ಬೇಯುವುದು ಹೇಗೆ?

ಊರಿನ ಕೆಲವು ಪಾದ್ರಿಗಳು ಹೊಸ ಮಾತು ಶುರುಮಾಡಿದರು. ಜಾರ್ಜ್ ಡಾಸನ್, ಆರ್. ಡಬ್ಲ್ಯು. ಡೇಲ್ ಮೊದಲಾದವರು. ಚರಂಡಿ ಮಾಡಿಸುವುದೂ ಕುಡಿಯುವ ನೀರು ಕೊಡುವುದೂ ದೇವರ ಕೆಲಸವೇ, ದುಡ್ಡಿದ್ದವರು ಕೌನ್ಸಿಲ್ಲಿಗೆ ಬಂದು ದುಡಿಯಬೇಕು ಅಂತ ಅವರ ಉಪದೇಶ. ಕಾರ್ಖಾನೆ ಮಾಲೀಕರು, ವಕೀಲರು ಚುನಾವಣೆಗೆ ನಿಲ್ಲತೊಡಗಿದರು. ಚೇಂಬರ್ಲೇನ್ 1869ರಲ್ಲಿ ಸೇಂಟ್ ಪಾಲ್ಸ್ ವಾರ್ಡಿನಿಂದ ಗೆದ್ದು ಬಂದರು. 1873ರ ನವೆಂಬರಿನಲ್ಲಿ ಮೇಯರ್. ಕೋಟಿನ ಗುಂಡಿಗೆ ಸೀತಾಳೆ ಹೂವು, ಕಣ್ಣಿಗೆ ಒಂಟಿ ಗಾಜು, ಬೆಣ್ಣೆ ಹಚ್ಚಿದಂತೆ ಬಾಚಿದ ಕೂದಲು. ನೋಡಿದರೆ ನಾಟಕ ಕಂಪನಿಯ ಹೀರೋ. ಬಾಯಿ ತೆಗೆದರೆ ಲೆಕ್ಕದ ಗುಮಾಸ್ತೆ.

ಮೊದಲು ಕೊಂಡರು

ಈಗ ಗಮನ ಕೊಟ್ಟು ಕೇಳಿ. ಮೇಯರ್ ಸಾಹೇಬರು ಮೊದಲು ಕಂಡ ದೋಷ ಏನು ಗೊತ್ತೆ? ಊರಿಗೆ ತನ್ನದು ಅಂತ ಆಸ್ತಿ ಇಲ್ಲ. ಬೇರೆ ಕೆಲವು ಊರುಗಳಿಗೆ ಹಳೆಯ ಕಾಲದಿಂದ ಬಂದ ಜಮೀನು, ಕಟ್ಟಡ ಇತ್ತು. ಬಾಡಿಗೆ ಬರುತ್ತಿತ್ತು. ಬರ್ಮಿಂಗ್‌ಹ್ಯಾಮ್‌ಗೆ ಪುರಸಭೆಯ ಸನದು ಸಿಕ್ಕಿದ್ದೇ 1838ರಲ್ಲಿ. ಏನು ಮಾಡಬೇಕಾದರೂ ಕಂದಾಯವೇ ಗತಿ. ಕಂದಾಯ ಏರಿಸಿದರೆ ಜನ ಒದೆಯುತ್ತಾರೆ. ಹಾಗಾದರೆ ಊರೇ ಒಂದು ವ್ಯಾಪಾರ ಹಿಡಿಯಬೇಕು.

ಆಗ ಬೀದಿದೀಪ, ಮನೆದೀಪ ಎಲ್ಲ ಗ್ಯಾಸಿನದು. ಎರಡು ಖಾಸಗಿ ಕಂಪನಿಗಳು ಗ್ಯಾಸ್ ಮಾರುತ್ತಿದ್ದವು. ಎರಡೂ ಪೈಪಿಗಾಗಿ ಅದೇ ರಸ್ತೆ ಅಗೆಯುತ್ತಿದ್ದವು. ರಸ್ತೆ ಅಗೆತ ಅಂದರೆ ಏನು ಅಂತ ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಎರಡನ್ನೂ ನಗರಸಭೆಯೇ ಕೊಳ್ಳಬೇಕು ಅಂತ 1874ರಲ್ಲಿ ಮೇಯರ್ ಮಂಡಿಸಿದರು. ಬೆಲೆ ಸುಮಾರು 20 ಲಕ್ಷ ಪೌಂಡ್. ಸಾಲ ಮಾಡಬೇಕು. ಕೇಳಿದವರ ಎದೆ ಝಲ್ಲೆಂದಿತು. ಆಗ ಸಾಹೇಬರು ವ್ಯಾಪಾರಿಯ ಉತ್ತರ ಕೊಟ್ಟರು. ನಗರಸಭೆಗೆ ಧೈರ್ಯವಿಲ್ಲದಿದ್ದರೆ ಈ ವ್ಯವಹಾರ ತಮಗೇ ಬಿಟ್ಟುಕೊಡಲಿ, ವರ್ಷಕ್ಕೆ 20,000 ಪೌಂಡ್ ನಗರಸಭೆಗೆ ಕಟ್ಟಿ ಮೇಲೆ ತಾವೂ ಲಾಭ ಮಾಡಿಕೊಳ್ಳುವುದಾಗಿ ಹೇಳಿದರು. ಸ್ಕ್ರೂ ಸಾಹುಕಾರ ನಷ್ಟದ ಮಾತು ಆಡೋದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಖರೀದಿಗೆ ಭಾರಿ ಬಹುಮತ ಬಂತು. ಮೊದಲ ವರ್ಷವೇ 34,000 ಪೌಂಡ್ ಲಾಭ. ಗ್ಯಾಸಿನ ದರವೂ ಮುಂದೆ ಇಳಿಯಿತು.

ಆಮೇಲೆ ನೀರು. ಬಡವರ ಕೇರಿಗಳಲ್ಲಿ ಬಾವಿನೀರೇ ಗತಿ. ಬಾವಿಯ ಪಕ್ಕದಲ್ಲೇ ಕಕ್ಕಸು ಗುಂಡಿ. ನೀರಿನ ಕಂಪನಿಯನ್ನು 13.5 ಲಕ್ಷ ಪೌಂಡಿಗೆ ಕೊಂಡರು. 1876ರ ಆರಂಭದಿಂದ ಅದು ನಗರಸಭೆಯದಾಯಿತು. ಇಲ್ಲಿ ಒಂದು ವ್ಯತ್ಯಾಸ ಇದೆ. ಗ್ಯಾಸಿನಲ್ಲಿ ಲಾಭ ಮಾಡಬಹುದು, ನೀರಿನಲ್ಲಿ ಲಾಭ ಮಾಡಕೂಡದು ಎಂಬುದು ಮೇಯರ್ ಅವರ ನಿಲುವು. ನೀರಿನಲ್ಲಿ ಮಿಕ್ಕರೆ ದರ ಇಳಿಯಬೇಕು. ಯಾವ ಆಸ್ತಿಯಿಂದ ದುಡ್ಡು ಮಾಡಬೇಕು, ಯಾವುದರಿಂದ ಮಾಡಬಾರದು, ಆ ಗೆರೆ ಅವರ ತಲೆಯಲ್ಲಿ ಸ್ಪಷ್ಟವಿತ್ತು.

ಗ್ಯಾಸಿನ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿದರೆ ಇವತ್ತಿಗೂ ಕಟ್ಟಡ ತೋರಿಸುತ್ತಾರೆ. ಊರಿಗೆ ಚಿತ್ರಶಾಲೆ ಬೇಕಾಗಿತ್ತು. ಲೈಬ್ರರಿ, ಮ್ಯೂಸಿಯಂಗೆ ಅಂತ ಎತ್ತಬಹುದಾದ ಕಂದಾಯಕ್ಕೆ ಕಾನೂನಿನ ಮಿತಿ ಇತ್ತು, ಪೌಂಡಿಗೆ ಒಂದು ಪೆನ್ನಿ. ಆ ಪುಡಿಗಾಸಿನಲ್ಲಿ ಕಟ್ಟಡ ಏಳುವುದುಂಟೆ? ಗ್ಯಾಸ್ ಇಲಾಖೆ ತನ್ನ ಕಚೇರಿ ಕಟ್ಟಿಕೊಂಡಿತು, ಅದರ ಮೇಲೆ ಚಿತ್ರಶಾಲೆ ಎದ್ದಿತು. 1885ರಲ್ಲಿ ಬಾಗಿಲು ತೆರೆಯಿತು.

93 ಎಕರೆ ಕೊಳೆಗೇರಿ

ಇನ್ನು ನೆಲದ ಕತೆ. ಊರಿನ ನಟ್ಟನಡುವೆ ಇಕ್ಕಟ್ಟಾದ ಕೊಳೆಗೇರಿ. ಬೆನ್ನಿಗೆ ಬೆನ್ನು ಅಂಟಿದ ಮನೆಗಳು, ಗಾಳಿ ಇಲ್ಲ, ಬೆಳಕಿಲ್ಲ. ಅಲ್ಲಿ ಕೆಲವು ಬೀದಿಗಳಲ್ಲಿ 1873ರಿಂದ 75ರವರೆಗೆ ಸಾವಿರಕ್ಕೆ ಸುಮಾರು 53 ಜನ ವರ್ಷವರ್ಷ ಸಾಯುತ್ತಿದ್ದರು. 1875ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಒಂದು ಕಾನೂನು ತಂದಿತು. ಇಂಥ ಕೇರಿಗಳನ್ನು ನಗರಸಭೆಗಳು ಕಡ್ಡಾಯವಾಗಿ ಖರೀದಿಸಿ ಕೆಡವಬಹುದು. ಚೇಂಬರ್ಲೇನ್ ತಕ್ಷಣ ಅದನ್ನು ಹಿಡಿದುಕೊಂಡರು. ಸುಮಾರು 93 ಎಕರೆ ಪ್ರದೇಶದ ಸ್ಕೀಮು. ಅದರಲ್ಲಿ ಅರ್ಧದಷ್ಟು ನೆಲ ಖರೀದಿಗೆ. ಖರ್ಚು 15 ಲಕ್ಷ ಪೌಂಡಿಗೂ ಮಿಕ್ಕಿ. ಸಾಹೇಬರು ಸ್ವಂತ ಜೇಬಿನಿಂದ 10,000 ಪೌಂಡ್ ಕೊಟ್ಟರು.

ನಡುವೆ 66 ಅಡಿ ಅಗಲದ ಹೊಸ ಬೀದಿ. ಹೆಸರು ಕಾರ್ಪೊರೇಷನ್ ಸ್ಟ್ರೀಟ್. 1878ರಲ್ಲಿ ಕೆಡವುವ ಕೆಲಸ ಶುರುವಾಯಿತು. ಬೀದಿಗೆ ಬೇಕಾದಷ್ಟು ಹೋಗಿ ಎರಡೂ ಬದಿಯಲ್ಲಿ ನೆಲ ಉಳಿಯಿತು. ಊರಿನ ಹೃದಯಭಾಗ, ಮೂಲೆ ಸೈಟುಗಳು. ನಗರಸಭೆಗೆ ಅಷ್ಟು ಜಾಗ ಬೇಡ. ಹೆಚ್ಚುವರಿ ಜಾಗ. ಏನು ಮಾಡಬೇಕು?

ಮಾರಿಬಿಡುವುದು ಸುಲಭದ ದಾರಿ. ಸಾಲ ತಲೆಯ ಮೇಲೆ ಕೂತಿದೆ. ಮಾರಿದರೆ ಒಂದೇ ಏಟಿಗೆ ಸಾಲದ ದೊಡ್ಡ ತುಂಡು ತೀರುತ್ತೆ. ಕಂದಾಯದಾರರು ನಿದ್ದೆ ಮಾಡಬಹುದು. ಆದರೆ ನಗರಸಭೆ ಹಿಡಿದದ್ದು ಬೇರೆ ದಾರಿ. ಬಹುಪಾಲು ಸೈಟುಗಳನ್ನು 75 ವರ್ಷದ ಲೀಸಿಗೆ ಕೊಟ್ಟರು. ಕಟ್ಟಡ ಕಟ್ಟುವವರು ತಮ್ಮ ದುಡ್ಡಿನಲ್ಲಿ ಕಟ್ಟಿಕೊಳ್ಳಲಿ, ವರ್ಷವರ್ಷ ನೆಲಬಾಡಿಗೆ ಕೊಡಲಿ. 75 ವರ್ಷ ಮುಗಿದ ದಿನ ನೆಲ, ಅದರ ಮೇಲಿನ ಕಟ್ಟಡ, ಎರಡೂ ಊರಿನದು.

ಈ ಉಪಾಯ ಆಕಾಶದಿಂದ ಬಿದ್ದದ್ದಲ್ಲ. ಕ್ರಿಕೆಟ್ಟಿನ ಎಜ್‌ಬ್ಯಾಸ್ಟನ್ ಇದೆಯಲ್ಲ, ಆ ಬಡಾವಣೆ ಕ್ಯಾಲ್‌ಥಾರ್ಪ್ ಎಂಬ ಜಹಗೀರುದಾರ ಮನೆತನದ್ದು. ಅವರು ನೆಲ ಮಾರದೆ 99 ವರ್ಷದ ಲೀಸಿಗೆ ಕೊಟ್ಟು ಸಾಹುಕಾರರ ಬಂಗಲೆಗಳನ್ನು ಕಟ್ಟಿಸಿಕೊಂಡರು. ಚೇಂಬರ್ಲೇನ್ ಕೂಡ ಎಜ್‌ಬ್ಯಾಸ್ಟನ್‌ನಲ್ಲೇ ಮನೆ ಮಾಡಿದ್ದವರು. ಜಹಗೀರುದಾರ ತನ್ನ ಮೊಮ್ಮಕ್ಕಳಿಗಾಗಿ ನೆಲ ಉಳಿಸುತ್ತಾನೆ. ಊರಿಗೂ ಮೊಮ್ಮಕ್ಕಳಿದ್ದಾರಲ್ಲ? ಊರೇ ಜಹಗೀರುದಾರ ಆಗಬಾರದೇಕೆ? 75 ವರ್ಷದ ಲೀಸಿನ ಒಳಗುಟ್ಟು ಇಷ್ಟೇ. ಅವಧಿ ಮುಗಿದಾಗ ತಮ್ಮ ಊರು ಇಡೀ ದೇಶದಲ್ಲೇ ಶ್ರೀಮಂತ ನಗರಸಭೆಗಳ ಸಾಲಿಗೆ ಸೇರುತ್ತೆ ಎಂಬುದು ಚೇಂಬರ್ಲೇನ್ ಅವರ ಲೆಕ್ಕಾಚಾರ.

ಲೆಕ್ಕ ತಪ್ಪಿದ್ದೆಲ್ಲಿ?

ಸಲೀಸಾಗಿ ನಡೆಯಿತು ಅಂದರೆ ಸುಳ್ಳಾಗುತ್ತೆ. ವ್ಯಾಪಾರ ಕುಸಿದ ಕಾಲ ಅದು. 99 ವರ್ಷಕ್ಕೆ ಒಗ್ಗಿದ್ದ ಕಟ್ಟಡದವರು 75 ಅಂದರೆ ಮೂಗು ಮುರಿದರು. ಎಷ್ಟೋ ಸೈಟುಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಬಂದ ನೆಲಬಾಡಿಗೆ ಸಾಲದ ಬಡ್ಡಿಗೆ ಸಾಲಲಿಲ್ಲ. ಕೊರತೆಯನ್ನು ಕಂದಾಯದಿಂದಲೇ ತುಂಬಬೇಕಾಯಿತು. ಬೈದವರು ಬೈದರು. ಅವರ ಬೈಗುಳಕ್ಕೂ ಅರ್ಥ ಇತ್ತು. ಮೊಮ್ಮಕ್ಕಳು ಶ್ರೀಮಂತರಾಗಲಿ ಅಂತ ಅಜ್ಜ ಎಷ್ಟು ದಿನ ಉಪವಾಸ ಕೂರಬೇಕು?

ನಿಧಾನವಾಗಿ ಬೀದಿ ತುಂಬಿತು. 1885ರಲ್ಲಿ ಲೂಯಿಸ್ ಎಂಬ ದೊಡ್ಡ ಬಹುಮಹಡಿ ಅಂಗಡಿ ಬಂತು. 1887ರಲ್ಲಿ ವಿಕ್ಟೋರಿಯಾ ರಾಣಿ ಬಂದು ನ್ಯಾಯಾಲಯದ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಗಾಜಿನ ಕಿಟಕಿ, ಬಟ್ಟೆ ಅಂಗಡಿ, ಹೋಟೆಲು, ಜನಜಂಗುಳಿ. ಕಾರ್ಪೊರೇಷನ್ ಸ್ಟ್ರೀಟ್ ಸುತ್ತ ಸಾವಿನ ಪ್ರಮಾಣ 1879ರಿಂದ 81ರ ಹೊತ್ತಿಗೆ ಸಾವಿರಕ್ಕೆ 21ಕ್ಕೆ ಇಳಿದಿತ್ತು.

ಇಲ್ಲೇ ಒಂದು ಮುಳ್ಳು ಇದೆ. ಸಾವು ಇಳಿಯಿತು, ಸರಿ. ಅಲ್ಲಿ ಮೊದಲು ಇದ್ದ ಜನ ಎಲ್ಲಿ? ಮನೆ ಕೆಡವಿದಾಗ ಅವರು ಪಕ್ಕದ ಕೇರಿಗಳಿಗೆ ಹೋಗಿ ಒಂದು ಕೋಣೆಗೆ ಇನ್ನೊಂದು ಸಂಸಾರ ತುರುಕಿಕೊಂಡರು. ಕಾನೂನಿನ ಹೆಸರೇ ಕಾರ್ಮಿಕರ ವಸತಿ ಸುಧಾರಣೆ. ಎದ್ದದ್ದು ಅಂಗಡಿ ಸಾಲು. ಬಡವರಿಗೆ ಮನೆ ಕಟ್ಟುವ ಕೆಲಸ ಖಾಸಗಿಯವರದು ಅಂತ ಬಿಟ್ಟಿದ್ದರು, ಖಾಸಗಿಯವರು ಕಟ್ಟಲಿಲ್ಲ. ಕೊನೆಗೆ 1890ರಲ್ಲಿ ನಗರಸಭೆಯೇ ರೈಡರ್ ಸ್ಟ್ರೀಟಿನಲ್ಲಿ 22 ಮನೆ ಕಟ್ಟಿತು. ಬೀದಿಪಾಲಾದವರು ಎಷ್ಟು ಸಾವಿರವೋ, ಮನೆ ಇಪ್ಪತ್ತೆರಡು. ಸಾಹೇಬರ ಜಮಾಖರ್ಚು ಬರೆಯುವವರು ಈ ಪುಟವನ್ನು ಹರಿದು ಹಾಕಬಾರದು.

ಊರು ಬಿಟ್ಟು ದೇಶಕ್ಕೆ

1876ರಲ್ಲಿ ಚೇಂಬರ್ಲೇನ್ ಪಾರ್ಲಿಮೆಂಟಿಗೆ ಆರಿಸಿ ಹೋದರು. ಮೇಯರ್ ಗಿರಿ ಬಿಟ್ಟರು. ಎರಡೂವರೆ ವರ್ಷದ ಮೇಯರ್ ಗಿರಿಯಲ್ಲಿ ಗ್ಯಾಸು, ನೀರು, ನೆಲ ಮೂರನ್ನೂ ಊರಿನ ಕೈಗೆ ತಂದಿದ್ದರು.

ದೆಹಲಿಗೆ ಹೋದ ಎಂ.ಪಿ.ಗಳಂತೆ ಅವರ ಮುಂದಿನ ಕತೆ ದೊಡ್ಡದು, ಗಲಾಟೆಯದು. 1880ರಲ್ಲಿ ಲಿಬರಲ್ ಸರಕಾರದಲ್ಲಿ ಮಂತ್ರಿ. 1886ರಲ್ಲಿ ಐರ್ಲೆಂಡಿಗೆ ಸ್ವಂತ ಆಡಳಿತ ಕೊಡುವ ವಿಷಯದಲ್ಲಿ ಗ್ಲಾಡ್‌ಸ್ಟನ್ ಜೊತೆ ಜಗಳವಾಡಿ ಪಕ್ಷ ಒಡೆದರು. ಆಮೇಲೆ ಹಳೆಯ ವೈರಿಗಳಾದ ಕನ್ಸರ್ವೇಟಿವರ ಜೊತೆಗೇ ಸೇರಿ 1895ರಿಂದ 1903ರವರೆಗೆ ವಸಾಹತು ಮಂತ್ರಿ. ಇಂಡಿಯಾ ಅವರ ಕೈಕೆಳಗೆ ಬರುತ್ತಿರಲಿಲ್ಲ, ಅದಕ್ಕೆ ಬೇರೆ ಮಂತ್ರಿ ಇದ್ದರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧ 1899ರಿಂದ 1902ರವರೆಗೆ ನಡೆದದ್ದು ಇವರ ಕಾಲದಲ್ಲಿ. ತನ್ನ ಊರಿನ ಕೊಳೆಗೇರಿಯ ಸಾವನ್ನು ಎಣಿಸಿದ ಮನುಷ್ಯ, ಬೇರೆಯವರ ನೆಲದ ವಿಷಯದಲ್ಲಿ ಸಾಮ್ರಾಜ್ಯವಾದಿಯಾಗಿ ನಿಂತರು. 1900ರಲ್ಲಿ ಇನ್ನೊಂದು ಆರೋಪ. ತಮ್ಮ ಆರ್ಥರ್ ಅಧ್ಯಕ್ಷರಾಗಿದ್ದ ಮದ್ದುಗುಂಡಿನ ಕಂಪನಿಗೆ ಸರಕಾರದ ಗುತ್ತಿಗೆ ಇತ್ತು. ಪಾರ್ಲಿಮೆಂಟಿನಲ್ಲಿ ಲಾಯ್ಡ್ ಜಾರ್ಜ್ ಇದನ್ನೇ ಹಿಡಿದು ಝಾಡಿಸಿದರು. ಚೇಂಬರ್ಲೇನ್ ತಮ್ಮ ಕೈ ಶುದ್ಧವೆಂದು ವಾದಿಸಿ ಪಾರಾದರು. ಆದರೂ ಮಂತ್ರಿಯ ಮನೆ ಮತ್ತು ಗುತ್ತಿಗೆದಾರನ ಮನೆ ಒಂದೇ ಅಂಗಳದಲ್ಲಿದ್ದರೆ ಜನ ಮಾತಾಡದೆ ಇರ್ತಾರಾ?

ಮಗ ನೆವಿಲ್ ಅವರನ್ನು ಬಹಾಮಾ ದ್ವೀಪಕ್ಕೆ ಕಳಿಸಿ ಕತ್ತಾಳೆ ನಾರಿನ ತೋಟ ಮಾಡಿಸಲು ಹೋಗಿ ಸುಮಾರು 50,000 ಪೌಂಡ್ ಕಳೆದುಕೊಂಡರು. ಎಲ್ಲಾ ಲೆಕ್ಕದಲ್ಲೂ ಗೆದ್ದವರು ನೆಲದ ಲೆಕ್ಕದಲ್ಲಿ ಒಮ್ಮೆ ಹೀಗೂ ಸೋತರು.

ಊರನ್ನು ಮಾತ್ರ ಮರೆಯಲಿಲ್ಲ. 1900ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯ ಶುರುವಾಯಿತು. ಕಾಲೇಜು ನೋಡದ ಚೇಂಬರ್ಲೇನ್ ಅದರ ಮೊದಲ ಕುಲಾಧಿಪತಿ. ಅಲ್ಲಿಯ ಗಡಿಯಾರದ ಗೋಪುರಕ್ಕೆ ಜನ ಇವತ್ತಿಗೂ ಮುದುಕ ಜೋ ಅಂತಲೇ ಕರೆಯುತ್ತಾರೆ. 1906ರಲ್ಲಿ ಎಪ್ಪತ್ತನೇ ಹುಟ್ಟುಹಬ್ಬವನ್ನು ಊರಿಗೆ ಊರೇ ಆಚರಿಸಿತು. ಕೆಲವೇ ದಿನದಲ್ಲಿ ಲಕ್ವ ಹೊಡೆಯಿತು. ಮಾತಿನ ಮಲ್ಲ ಎಂಟು ವರ್ಷ ಮಾತಿಗಾಗಿ ತಡಕಾಡುತ್ತಾ ಕೂತರು. 1888ರಲ್ಲಿ ಕೈಹಿಡಿದಿದ್ದ ಮೂರನೇ ಪತ್ನಿ ಮೇರಿ ನೋಡಿಕೊಂಡರು. 1914ರ ಜುಲೈ 2ರಂದು ಲಂಡನ್ನಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಗೌರವ ಬಂದಾಗ ಮನೆಯವರು ಬೇಡವೆಂದರು. ಬರ್ಮಿಂಗ್‌ಹ್ಯಾಮ್‌ನ ಕೀ ಹಿಲ್ ಸ್ಮಶಾನದಲ್ಲಿ, ಊರಿನ ಮಣ್ಣಿನಲ್ಲೇ ಮಣ್ಣು ಮಾಡಿದರು.

ಆಮೇಲಿನ ಊರು

ಲೀಸುಗಳ 75 ವರ್ಷ 1950ರ ದಶಕದಲ್ಲಿ ಒಂದೊಂದಾಗಿ ಮುಗಿಯುತ್ತಾ ಬಂತು. ಅಷ್ಟರಲ್ಲಿ ಸಾಹೇಬರು ಸತ್ತು ನಾಲ್ಕು ದಶಕವಾಗಿತ್ತು. ಕರಾರಿನಂತೆ ಊರಿನ ನಡುವಿನ ನೆಲ ಊರಿಗೆ ವಾಪಸ್ ಬಂತು. ಮಾರಿದ್ದರೆ ಬರುತ್ತಿತ್ತೆ?

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. 1976ರಲ್ಲಿ ಅದೇ ಊರಿನವರು ವಿಮಾನ ನಿಲ್ದಾಣದ ಪಕ್ಕ ದೊಡ್ಡ ವಸ್ತುಪ್ರದರ್ಶನ ಕೇಂದ್ರ ಕಟ್ಟಿಸಿದರು. ಎನ್.ಇ.ಸಿ. ಅಂತ ಹೆಸರು. ಚೇಂಬರ್ಲೇನ್ ದಾರಿಯಲ್ಲೇ ಊರಿನ ವ್ಯಾಪಾರ. ಈ ಮಧ್ಯೆ ನಗರಸಭೆಯ ಹೆಣ್ಣು ನೌಕರರು ಕೋರ್ಟಿಗೆ ಹೋದರು. ಕಸ ಎತ್ತುವ, ರಸ್ತೆ ಗುಡಿಸುವ ಗಂಡಸರಿಗೆ ಬೋನಸ್, ಅದೇ ದರ್ಜೆಯ ಕೆಲಸ ಮಾಡುವ ಅಡುಗೆಯವರಿಗೆ, ಆಯಾಗಳಿಗೆ, ಸ್ವಚ್ಛಮಾಡುವ ಹೆಂಗಸರಿಗೆ ಇಲ್ಲ. ನ್ಯಾಯ ಹೆಂಗಸರ ಕಡೆ ಇತ್ತು. 2012ರಲ್ಲಿ ಸುಪ್ರೀಂ ಕೋರ್ಟೂ ಅವರ ಪರ ನಿಂತಿತು. ಬಾಕಿ ಕಟ್ಟಲು ದುಡ್ಡು ಬೇಕು. 2015ರಲ್ಲಿ ಎನ್.ಇ.ಸಿ. ವ್ಯವಹಾರವನ್ನು 30.7 ಕೋಟಿ ಪೌಂಡಿಗೆ ಮಾರಿದರು. ನೆಲದ ಮೂಲ ಒಡೆತನವನ್ನು ಮಾತ್ರ ನಗರಸಭೆ ಬಿಟ್ಟುಕೊಡಲಿಲ್ಲ, ಹಳೆಯ ಮೇಯರ್ ಪಾಠ ಅಷ್ಟಾದರೂ ನೆನಪಿತ್ತು. ಕೊಂಡವರು 2018ರಲ್ಲಿ ಅದನ್ನು ಇನ್ನೊಬ್ಬರಿಗೆ ಮಾರಿದರು. ಪತ್ರಿಕೆಗಳು ಬರೆದ ಬೆಲೆ ಸುಮಾರು 80 ಕೋಟಿ ಪೌಂಡ್. ಮೂರು ವರ್ಷದಲ್ಲಿ ಎರಡೂವರೆ ಪಟ್ಟು! ಅವಸರಕ್ಕೆ ಮಾರುವವನ ಸರಕು ಯಾವಾಗಲೂ ಅಗ್ಗ. ಇದು ಸಂತೆಗೆ ದನ ಹೊಡೆದುಕೊಂಡು ಹೋದ ಯಾವ ರೈತನಿಗಾದರೂ ಗೊತ್ತು.

ಅಷ್ಟಕ್ಕೂ ಗಾಯ ಮಾಯಲಿಲ್ಲ. 2023ರ ಸೆಪ್ಟೆಂಬರ್ 5ರಂದು ಬರ್ಮಿಂಗ್‌ಹ್ಯಾಮ್ ನಗರಸಭೆ ತನ್ನ ಹತ್ತಿರ ದುಡ್ಡಿಲ್ಲವೆಂದು ಕಾನೂನು ಪ್ರಕಾರ ಘೋಷಿಸಿತು. ಸಮಾನ ವೇತನದ ಬಾಕಿ 65ರಿಂದ 76 ಕೋಟಿ ಪೌಂಡ್ ಎಂಬ ಅಂದಾಜು. ಲೆಕ್ಕ ಬರೆಯಲು ತಂದ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟು ಅದಕ್ಕೂ ಕೋಟಿಗಟ್ಟಲೆ. ಸರಕಾರದಿಂದ ಬರುತ್ತಿದ್ದ ಅನುದಾನವೂ ವರ್ಷಗಳಿಂದ ಕಡಿತವಾಗಿತ್ತು. ಲಂಡನ್ ಸರಕಾರ ಮೇಲುಸ್ತುವಾರಿಗೆ ಕಮಿಷನರುಗಳನ್ನು ಕಳಿಸಿತು. 2024ರಲ್ಲಿ ಮನೆ ಕಂದಾಯ ಶೇಕಡ 9.99 ಏರಿತು. ಸುಮಾರು 75 ಕೋಟಿ ಪೌಂಡಿನ ಆಸ್ತಿ ಮಾರುವ ಪಟ್ಟಿ ತಯಾರಾಯಿತು. ಆಸ್ತಿ ಕೊಳ್ಳುವುದು ಹೇಗೆ ಅಂತ ಇಂಗ್ಲೆಂಡಿಗೇ ಪಾಠ ಹೇಳಿದ ಊರು, ಯಾವ ಆಸ್ತಿ ಮೊದಲು ಮಾರಬೇಕು ಅಂತ ಕಮಿಟಿ ಕೂರಿಸಿತು.

ತಪ್ಪು ಹೆಂಗಸರದ್ದಲ್ಲ. ಅವರ ಸಂಬಳವನ್ನು ವರ್ಷಗಟ್ಟಲೆ ಕಡಿಮೆ ಕೊಟ್ಟು ಅದನ್ನೇ ಉಳಿತಾಯ ಅಂದುಕೊಂಡವರದ್ದು. ಮನೆಯ ಪಾತ್ರೆ ಅಡವಿಟ್ಟು ಹಳೇ ಸಾಲ ತೀರಿಸುವ ಸ್ಥಿತಿ ಒಂದು ದಿನದಲ್ಲಿ ಬರೋದಿಲ್ಲ.

ನಮಗೇನು?

ಹಾಗಾದರೆ ಊರಿನ ಜಾಗ ಎಂದೂ ಮಾರಲೇಬಾರದೆ? ಹಾಗೆ ಹೇಳಲು ಈ ಕಾಲಂ ತಯಾರಿಲ್ಲ. ಲೀಸು ಅಂದಮಾತ್ರಕ್ಕೆ ಪುಣ್ಯವೂ ಅಲ್ಲ. ಮೂವತ್ತು ವರ್ಷದ ಹಿಂದಿನ ಬಾಡಿಗೆಗೇ ಮಳಿಗೆ ಹಿಡಿದುಕೊಂಡು, ಒಳಬಾಡಿಗೆಗೆ ಹತ್ತು ಪಟ್ಟು ತೆಗೆದುಕೊಳ್ಳುವವರನ್ನು ಎಲ್ಲ ಊರಿನ ಬಸ್ ಸ್ಟ್ಯಾಂಡಿನಲ್ಲೂ ಕಾಣಬಹುದು. ಅದು ಲೀಸಲ್ಲ, ದಾನ. ಇನ್ನೊಂದು ಕಡೆ, ಕಷ್ಟಪಟ್ಟು ಅಂಗಡಿ ಕಟ್ಟಿ ಗಿರಾಕಿ ಸಂಪಾದಿಸಿದವನನ್ನು ನಾಳೆಯೇ ಖಾಲಿ ಮಾಡು ಅಂತ ಎಬ್ಬಿಸುವುದೂ ನ್ಯಾಯವಲ್ಲ. ಚೇಂಬರ್ಲೇನ್ ಅವರ ಲೀಸಿನಲ್ಲಿ ಒಂದು ಗುಣ ಇತ್ತು. ಎಷ್ಟು ವರ್ಷ, ಎಷ್ಟು ಬಾಡಿಗೆ, ಕೊನೆಗೆ ಯಾರದು, ಮೂರೂ ಮೊದಲ ದಿನವೇ ಬರೆದಿತ್ತು. ಕೊಟ್ಟವನಿಗೂ ಗೊತ್ತು, ಹಿಡಿದವನಿಗೂ ಗೊತ್ತು.

ಮುಂದಿನ ಸಲ ಇರುವೆ ಅಕ್ಷರದ ನೋಟೀಸು ಕಣ್ಣಿಗೆ ಬಿದ್ದರೆ ಪುಟ ಮಗುಚಬೇಡಿ. ನಿಮ್ಮ ವಾರ್ಡಿನ ಮೆಂಬರು ಸಿಕ್ಕಾಗ ನಾಲ್ಕು ಮಾತು ಕೇಳಿ. ಇದು ಮಾರಾಟವೋ ಲೀಸೋ? ಲೀಸಾದರೆ ಎಷ್ಟು ವರ್ಷ, ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತೆ? ಬಂದ ದುಡ್ಡು ಇನ್ನೊಂದು ಆಸ್ತಿಗೆ ಹೋಗುತ್ತೋ, ಈ ತಿಂಗಳ ಸಂಬಳಕ್ಕೆ ಕರಗುತ್ತೋ? ಆ ಜಾಗದಲ್ಲಿ ಈಗ ತಳ್ಳುಗಾಡಿ ಇಟ್ಟವರು, ಗುಡಿಸಲು ಹಾಕಿದವರು ಎಲ್ಲಿಗೆ ಹೋಗಬೇಕು?

ಮೂರು ಪ್ರಶ್ನೆಗೆ ಸ್ಕ್ರೂ ಸಾಹುಕಾರರ ಹತ್ತಿರ ಉತ್ತರ ಇತ್ತು. ನಾಲ್ಕನೆಯದಕ್ಕೆ ಅವರ ಹತ್ತಿರವೂ ಇರಲಿಲ್ಲ. ನಮ್ಮ ಮೆಂಬರುಗಳ ಹತ್ತಿರ ಎಷ್ಟಕ್ಕೆ ಇದೆ, ಕೇಳಿ ನೋಡಿ.